ಇಪ್ಪತ್ತು ಗ್ಲಾಸಿನ ತಂಗಿ

ಒಬ್ಬರ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕೂ ಅನುಕೂಲವಾದ ಒಂದು ಜಾಗ ಬೇಕು ನೋಡಿ. ಚೀಟಿಯಕ್ಕನಿಗೆ ಆ ಜಾಗವನ್ನು ಕಾರ್ಖಾನೆಯವರೇ ಮಾಡಿಕೊಟ್ಟಿದ್ದರು. ವೈನ್ ಕಾರ್ಖಾನೆಯ ಲೇಬಲ್ ವಿಭಾಗದಲ್ಲಿ ಅವಳ ಸ್ಟೂಲು ಇದ್ದದ್ದು ಕಿಟಕಿಯ ಪಕ್ಕದಲ್ಲಿ. ಕಿಟಕಿಯಾಚೆ ಖಾಲಿ ಕ್ರೇಟುಗಳ ಅಂಗಳ, ಅಂಗಳದಾಚೆ ರುಚಿ ಕೋಣೆ. ಆ ಕೋಣೆಯ ಗಾಜಿಗೆ ಎದೆಮಟ್ಟದವರೆಗೆ ಬಿಳಿ ಬಣ್ಣ ಬಳಿದಿದ್ದರು. ಅದರ ಮೇಲುಗಡೆ ಒಂದು ತಲೆ, ಒಂದು ಕತ್ತು, ಗ್ಲಾಸು ಎತ್ತುವ ಒಂದು ಕೈ ಕಾಣುತ್ತಿತ್ತು. ಆ ತಲೆ ಅವಳ ಸ್ವಂತ ತಂಗಿಯದು.

ತಂಗಿ ಗ್ಲಾಸನ್ನು ಬೆಳಕಿಗೆ ಹಿಡಿಯುವಳು, ಮೂಸುವಳು, ಬಾಯಿಗೆ ಸುರಿದುಕೊಳ್ಳುವಳು, ಕೆನ್ನೆ ಅತ್ತಿತ್ತ ಆಡಿಸುವಳು. ಆಮೇಲೆ ತಲೆ ಬಗ್ಗಿಸಿ ಬಿಳಿ ಬಣ್ಣದ ಹಿಂದೆ ಮರೆಯಾಗುವಳು. ಬರೆದುಕೊಳ್ಳುತ್ತಾಳೆ ಎಂದು ಚೀಟಿಯಕ್ಕ ತಿಳಿದಿದ್ದಳು. ತಲೆ ಮತ್ತೆ ಮೇಲೆ ಬಂದರೆ ಇನ್ನೊಂದು ಗ್ಲಾಸು. ಮಧ್ಯಾಹ್ನದ ಊಟದ ಹೊತ್ತಿಗೆ ಹನ್ನೆರಡಾದರೂ ಆಗುತ್ತಿತ್ತು, ಸಂಜೆಗೆ ಇಪ್ಪತ್ತು. ಇಪ್ಪತ್ತೂ ಆದ ಮೇಲೆ ಆ ಮಹಾತಾಯಿ ನೆಟ್ಟಗೆ ನಡೆದುಕೊಂಡು, ಮುಖ ತೊಳೆದ ಮಗುವಿನ ಹಾಗೆ ಗೇಟಿನ ಕಡೆ ಹೋಗುವಳು. ಕಣ್ಣು ಕೆಂಪಿಲ್ಲ, ಕಾಲು ತಡವರಿಸುವುದಿಲ್ಲ, ನಲವತ್ತಾರರಲ್ಲೂ ಕೆನ್ನೆ ಮೇಲೊಂದು ಸುಕ್ಕಿಲ್ಲ.

"ಅದೃಷ್ಟ ಅಂದ್ರೆ ಅದು," ಎಂದು ಚೀಟಿಯಕ್ಕ ಹಲ್ಲು ಕಡಿಯುತ್ತಿದ್ದಳು. "ಕೂತು ಕುಡಿಯೋಕೆ ಸಂಬಳ!"

ಇವಳ ಕೆಲಸ ಏನು? ಯಂತ್ರ ಬಾಟಲಿಗೆ ಲೇಬಲ್ ಹೊಡೆದು ಮುಂದಕ್ಕೆ ದೂಡುತ್ತದೆ. ಸೊಟ್ಟಗೆ ಕೂತದ್ದನ್ನು ಕಣ್ಣಲ್ಲೇ ಹಿಡಿದು ಓಡುವ ಪಟ್ಟಿಯಿಂದ ಎತ್ತಬೇಕು, ಒದ್ದೆ ಬಟ್ಟೆಯಲ್ಲಿ ಉಜ್ಜಿ ಕೀಳಬೇಕು, ಹೊಸದನ್ನು ಕೈಯಿಂದ ಅಂಟಿಸಬೇಕು. ಆ ಲೇಬಲ್ ಚೀಟಿಗಳಿಂದಲೇ ಅವಳಿಗೆ ಚೀಟಿಯಕ್ಕ ಎಂಬ ಹೆಸರು. ಇಪ್ಪತ್ತಾರು ವರ್ಷದಿಂದ ಅದೇ. ಉಗುರಿನ ಸಂದಿಯಲ್ಲಿ ಗೋಂದು ಗಟ್ಟಿಯಾಗಿ, ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಎರಡು ಸಲ ಕಿತ್ತರೂ ನೆಟ್ಟಗಾಗದ ಬಾಟಲಿಗಳು ಮಾರಾಟಕ್ಕೆ ಬಾರವು. ಅವನ್ನು ಶನಿವಾರ ಕೆಲಸದವರಿಗೆ ತಲಾ ಎರಡರಂತೆ ಹಂಚುವುದು ಕಾರ್ಖಾನೆಯ ಪದ್ಧತಿ. ಚೀಟಿಯಕ್ಕ ಬೇಕೆಂದೇ ಸೊಟ್ಟ ಅಂಟಿಸುತ್ತಾಳೆ ಎಂದು ಪಕ್ಕದ ಸ್ಟೂಲಿನವಳು ಚುಡಾಯಿಸುತ್ತಿದ್ದಳು. ಅದು ಸುಳ್ಳು. ಆದರೆ ಅವಳು ತನ್ನ ಎರಡು ಬಾಟಲಿಗಳನ್ನು ಒಂದು ವಾರವೂ ಬಿಟ್ಟವಳಲ್ಲ.

ಅದಕ್ಕೊಂದು ಕಾರಣವಿತ್ತು. ಕಾರಣಕ್ಕೊಂದು ಕಥೆಯಿತ್ತು. ಕಥೆ ಶುರುವಾಗುವುದು ಅವ್ವನ ಅಡುಗೆಮನೆಯಲ್ಲಿ.

ಆ ಮನೆಯಲ್ಲಿ ಬಾಯಿಗೆ ಹಾಕಿಕೊಂಡದ್ದನ್ನು ಉಗುಳುವುದು ಮಹಾಪರಾಧ. ಹಾಲಿನ ಕೆನೆ ಗಂಟಲಿಗೆ ಅಂಟಿಕೊಂಡು ದೊಡ್ಡವಳು ಒಮ್ಮೆ ಉಗುಳಿದ್ದಕ್ಕೆ ಅವ್ವನ ಕೈ ಕಪಾಳದ ಮೇಲೆ ಐದು ಬೆರಳು ಮೂಡಿಸಿತ್ತು. "ದೊಡ್ಡವಳು ನೀನು. ನುಂಗು!" ಅವಳು ನುಂಗಿದಳು. ಆಮೇಲೆ ಕಷಾಯ, ಕಹಿ ಮಾತ್ರೆ, ಸುಟ್ಟ ರೊಟ್ಟಿ, ಎಲ್ಲವನ್ನೂ ನುಂಗಿದಳು. ಅದೇ ಅವ್ವ, ಅದೇ ಕೆನೆ, ಚಿಕ್ಕವಳು ಉಗುಳಿದರೆ ಮಾತ್ರ ಸೆರಗಿನಿಂದ ಅವಳ ಬಾಯಿ ಒರೆಸಿ, "ಪಾಪ, ಇವಳ ನಾಲಿಗೆ ಬಲು ಸೂಕ್ಷ್ಮ ಕಣ್ರೇ," ಎಂದು ಬಂದವರ ಮುಂದೆ ಹೊಗಳುತ್ತಿದ್ದಳು. ಉಗುಳಿದ್ದಕ್ಕೆ ಹೊಗಳಿಕೆ! ದೊಡ್ಡವಳ ಹೊಟ್ಟೆಯಲ್ಲಿ ಅವತ್ತು ಹೊತ್ತಿಕೊಂಡದ್ದು ಆಮೇಲೆ ಆರಲೇ ಇಲ್ಲ.

ಹನ್ನೊಂದು ವರ್ಷದ ಹಿಂದೆ ಕಾರ್ಖಾನೆಯ ಹಳೇ ರುಚಿಗಾರ, ಎಲ್ಲರೂ ಮೂಗಜ್ಜ ಎಂದು ಕರೆಯುತ್ತಿದ್ದ ಮುದುಕ, ತನಗೊಬ್ಬರು ಸಹಾಯಕರು ಬೇಕೆಂದು ಕೆಲಸದವರಿಗೇ ಪರೀಕ್ಷೆ ಇಟ್ಟ. ಹದಿನೈದು ಗ್ಲಾಸು, ಹದಿನೈದು ಪೀಪಾಯಿಗಳ ವೈನು. ಯಾವುದು ಹುಳಿಗೆ ತಿರುಗಿದೆ, ಯಾವುದಕ್ಕೆ ಮರದ ವಾಸನೆ ಹತ್ತಿದೆ, ಯಾವುದು ಇನ್ನೂ ಎಳಸು ಎಂದು ಹೇಳಬೇಕು. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕುತ್ತಿದ್ದರು. ಪರೀಕ್ಷೆ ಮುಗಿಯುವವರೆಗೆ ಮೂಗಜ್ಜ ತುಟಿ ಪಿಟಕ್ಕೆನ್ನುವಂತಿರಲಿಲ್ಲ, ಅದು ಅವನದೇ ಕಾನೂನು. ಅವತ್ತು ಮಳೆ. ಚೀಟಿಯಕ್ಕ ಛತ್ರಿ ಮಡಚಿಕೊಂಡು ಒಳಗೆ ಹೋದಳು. ಕುರ್ಚಿಯ ಕಾಲ ಬಳಿ ಒಂದು ಹಿತ್ತಾಳೆ ಬಕೆಟ್ ಇತ್ತು. ಎಷ್ಟು ಮರ್ಯಾದಸ್ಥ ಜನ ಎಂದುಕೊಂಡು ಛತ್ರಿಯನ್ನು ಅದರಲ್ಲಿಟ್ಟಳು. ಮೂಗಜ್ಜ ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ.

ಹದಿನೈದನ್ನೂ ಅವಳು ತಳ ಕಾಣುವಂತೆ ಕುಡಿದಳು. ದೊಡ್ಡವರು ಕೊಟ್ಟದ್ದನ್ನು ಗ್ಲಾಸಿನಲ್ಲಿ ಬಿಡುವುದುಂಟೇ? ಹತ್ತನೆಯದಕ್ಕೆ ನಾಲಿಗೆ ದಪ್ಪಗಾಯಿತು. ಹನ್ನೆರಡನೆಯದು, ಹದಿಮೂರನೆಯದು ಎಲ್ಲಾ ಒಂದೇ ನೀರು. ಹದಿನೈದನೆಯದು ಮುಗಿದಾಗ ಮೂಗಜ್ಜನೇ ಇಬ್ಬರಾಗಿ ಕಾಣುತ್ತಿದ್ದ. ಮಾರನೆಯ ದಿನ ಫಲಿತಾಂಶದ ಹಾಳೆ ಅಂಟಿಸಿದರು, ಅದರಲ್ಲಿ ಚಿಕ್ಕವಳ ಹೆಸರು. ಬಾಟಲಿ ತೊಳೆಯುವ ವಿಭಾಗದಿಂದ ನೇರ ರುಚಿ ಕೋಣೆಗೆ!

"ಮುದುಕನಿಗೆ ಮುಖ ನೋಡಿ ಮಣೆ ಹಾಕೋ ಚಾಳಿ," ಎಂದು ಚೀಟಿಯಕ್ಕ ಇಡೀ ವಿಭಾಗಕ್ಕೆ ಕೇಳುವಂತೆ ಹೇಳಿದಳು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಒಂದು ಪಣ ತೊಟ್ಟಳು. ಇವತ್ತಲ್ಲ ನಾಳೆ ಮುದುಕ ಹೋಗುತ್ತಾನೆ, ಕುರ್ಚಿ ಖಾಲಿಯಾಗುತ್ತದೆ, ಮತ್ತೆ ಪರೀಕ್ಷೆ ಇಡುತ್ತಾರೆ. ಅಷ್ಟರಲ್ಲಿ ನಾಲಿಗೆಗೆ ಅಭ್ಯಾಸವಾಗಿರಬೇಕು, ಇಪ್ಪತ್ತು ಕುಡಿದರೂ ಮಂಕಾಗಬಾರದು. ತಂಗಿಗೆ ಆಗುವುದಾದರೆ ತನಗೇಕೆ ಆಗದು?

ಅಂದಿನಿಂದ ದಿನಾ ಸಂಜೆ ಕೆಲಸದಿಂದ ಬಂದು ಕಾಲು ತೊಳೆದ ಮೇಲೆ ಎರಡು ಸಣ್ಣ ಗ್ಲಾಸು. ಮೂಸುವುದು, ಬಾಯಲ್ಲಿ ಆಡಿಸುವುದು, ನುಂಗುವುದು. ಬೀಗ ರಿಪೇರಿ ಮಾಡುವ ಗಂಡ, ತಾನು ಒಂದು ತೊಟ್ಟೂ ಮುಟ್ಟದವನು, ಎದುರಿಗೆ ಕೂತು ಬೀಗದ ಹೊಟ್ಟೆ ಬಿಚ್ಚುತ್ತಾ ಕೇಳುತ್ತಿದ್ದ, "ಏನೇ, ನಿನ್ನ ಪರೀಕ್ಷೆ ಇನ್ನೂ ಮುಗೀಲಿಲ್ವಾ?"

"ಸುಮ್ನಿರಿ. ಓದೋ ಮಕ್ಕಳನ್ನ ಮಾತಾಡಿಸಬಾರದು."

ಮೂಗಜ್ಜ ನಾಲ್ಕು ವರ್ಷದ ಹಿಂದೆ ನಿವೃತ್ತನಾದ. ತಂಗಿಯೇ ಮುಖ್ಯ ರುಚಿಗಾರ್ತಿಯಾದಳು, ಎರಡನೇ ಕುರ್ಚಿ ಖಾಲಿ ಉಳಿಯಿತು, ಪರೀಕ್ಷೆ ಮಾತ್ರ ಯಾರೂ ಇಡಲಿಲ್ಲ. ಚೀಟಿಯಕ್ಕನ ಅಭ್ಯಾಸವೂ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಅದು ಅಭ್ಯಾಸವಾಗಿಯೇ ಹೋಗಿತ್ತು.

ಹನ್ನೊಂದು ವರ್ಷದಲ್ಲಿ ಯಾರೊಬ್ಬರೂ ಅವಳಿಗೆ ಆ ಬಿಳಿ ಬಣ್ಣದ ಹಿಂದಿನ ನಿಜ ಹೇಳಲಿಲ್ಲವೇ ಎಂದು ನೀವು ಕೇಳಬಹುದು. ಕಾರ್ಖಾನೆಯಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು. ಆದರೆ ಅವಳ ಮುಂದೆ ತಂಗಿಯ ಕೆಲಸದ ಸುದ್ದಿ ಎತ್ತುವ ಗಂಡೆದೆ ಯಾರಿಗಿತ್ತು? ಎತ್ತಿದರೆ ಅವತ್ತಿಡೀ ಅವಳ ಬಾಯಿಗೆ ಸಿಕ್ಕ ಹಾಗೆ. ತಂಗಿ ಮನೆಗೆ ಬಂದಾಗಲೂ ನಲ್ಲಿ ನೀರು, ಅವ್ವನ ತಿಥಿ, ಗಂಡಂದಿರ ಕೆಮ್ಮು, ಇಷ್ಟೇ ಮಾತು. ಮೇಲಾಗಿ ವಾಸನೆ ಕೆಡುತ್ತದೆಂದು ರುಚಿ ಕೋಣೆಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ, ಗೋಂದಿನ ಕೈಯವರನ್ನಂತೂ ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ.

ಐವತ್ತೆರಡನೇ ವರ್ಷದಲ್ಲಿ, ಒಂದು ಬೆಳಿಗ್ಗೆ ಸ್ನಾನ ಮಾಡುವಾಗ, ಎಡ ಎದೆಯ ಮೇಲೆ ಕಂಕುಳ ಕಡೆಗೆ ಅವಳ ಬೆರಳಿಗೆ ಒಂದು ಗಂಟು ಸಿಕ್ಕಿತು. ಒಣ ಬಟಾಣಿಯಷ್ಟು. ಒತ್ತಿದರೆ ನೋವಿಲ್ಲ, ಜರುಗುವುದೂ ಇಲ್ಲ. ನೀರು ತಣ್ಣಗಾಗುವವರೆಗೆ ಹಾಗೇ ಕೂತಿದ್ದಳು. ಸಂಜೆ ಗಂಡನಿಗೆ ಹೇಳಬೇಕೆಂದುಕೊಂಡು ಕೆಲಸಕ್ಕೆ ಹೋದಳು.

ಅವತ್ತೇ ಕಾರ್ಖಾನೆಯ ಊಟದ ಕೋಣೆಯಲ್ಲಿ ಆಸ್ಪತ್ರೆಯ ನರ್ಸಮ್ಮ ಭಾಷಣ ಮಾಡಬೇಕೇ! ದಪ್ಪ ಕನ್ನಡಕದ, ನೇರ ಮಾತಿನ ಹೆಂಗಸು. ಹೆಂಗಸರನ್ನೆಲ್ಲ ಮುಂದೆ ಕೂರಿಸಿಕೊಂಡು ಹೇಳಿದಳು, "ಕುಡಿಯೋದ್ರಿಂದ ಲಿವರ್ ಹಾಳಾಗತ್ತೆ ಅಂತ ನಿಮಗೆಲ್ಲ ಗೊತ್ತು. ಸ್ತನದ ಕ್ಯಾನ್ಸರಿನ ಅಪಾಯಾನೂ ಏರತ್ತೆ, ಅದು ಎಷ್ಟೋ ಜನಕ್ಕೆ ಗೊತ್ತಿಲ್ಲ. ದಿನಕ್ಕೆ ಒಂದೇ ಗ್ಲಾಸಾದ್ರೂ ಅಪಾಯ ಸ್ವಲ್ಪ ಏರತ್ತೆ. ಕುಡಿದಷ್ಟೂ ಜಾಸ್ತಿ. ವೈನು, ಬಿಯರು, ಬ್ರಾಂದಿ ಅಂತ ಭೇದ ಇಲ್ಲ. ಕುಡಿದೋರಿಗೆಲ್ಲ ಬಂದೇ ಬರತ್ತೆ ಅಂತಲ್ಲ, ಕುಡೀದೇ ಇರೋರಿಗೆ ಬರಲ್ಲ ಅಂತಲೂ ಅಲ್ಲ. ಆದ್ರೆ ಕಡಿಮೆ ಮಾಡಿದಷ್ಟೂ ಒಳ್ಳೇದು. ಗಂಟು ಸಿಕ್ಕಿದ್ರೆ ಮುಚ್ಚಿಡಬೇಡಿ, ಬಂದು ತೋರಿಸಿ."

ಹಿಂದಿನ ಸಾಲಿನಿಂದ ಯಾರೋ, "ಹಾಗಾದ್ರೆ ನಾಳೆಯಿಂದ ಇಲ್ಲಿ ನಿಂಬೆ ಪಾನಕ ತುಂಬೋಣ್ವಾ?" ಎಂದರು. ನಗು. ಮ್ಯಾನೇಜರು ಚಾವಣಿ ನೋಡಿದರು.

ಚೀಟಿಯಕ್ಕ ನಗಲಿಲ್ಲ. ಅವಳ ಕಣ್ಣು ಮೂರು ಸಾಲು ಮುಂದೆ ಕೂತಿದ್ದ ತಂಗಿಯ ಬೆನ್ನಿನ ಮೇಲಿತ್ತು. ಕುಡಿದಷ್ಟೂ ಜಾಸ್ತಿಯಂತೆ. ನನ್ನದು ಎರಡು, ಅದೂ ಸಣ್ಣವು. ಅವಳದು ಇಪ್ಪತ್ತು. ಬರುವುದಿದ್ದರೆ ಮೊದಲು ಅವಳಿಗೆ ಬರಬೇಕು. ಅವಳೋ ಕಲ್ಲುಗುಂಡಿನ ಹಾಗಿದ್ದಾಳೆ. ಇಪ್ಪತ್ತು ಗ್ಲಾಸಿಗೆ ಬಾರದ್ದು ಎರಡು ಗ್ಲಾಸಿಗೆ ಹೇಗೆ ಬರುತ್ತದೆ? ಇದು ಕೊಬ್ಬಿನ ಗಂಟು. ವಯಸ್ಸಿಗೆ ಬರುವಂಥದ್ದು.

ಈ ಲೆಕ್ಕ ಅವಳಿಗೆ ಎಷ್ಟು ನೆಮ್ಮದಿ ಕೊಟ್ಟಿತೆಂದರೆ ಸಂಜೆ ಗಂಡನಿಗೆ ಏನೂ ಹೇಳಲಿಲ್ಲ. ಎರಡು ಗ್ಲಾಸು ಕುಡಿದು ಮಲಗಿದಳು.

ಆದರೆ ಬೆರಳು ಕೇಳಬೇಕಲ್ಲ! ದಿನಾ ಸ್ನಾನಕ್ಕೆ ಹೋದರೆ ಅಲ್ಲಿಗೇ ಹೋಗುತ್ತಿತ್ತು. ಬಟಾಣಿಯಷ್ಟಿದ್ದದ್ದು ಹುಣಸೆಬೀಜದಷ್ಟಾಯಿತು. ಆಗೆಲ್ಲ ಅವಳು ಕಿಟಕಿಗೆ ಬಂದು ಕೂತು ತಂಗಿಯ ಗ್ಲಾಸು ಎಣಿಸುತ್ತಿದ್ದಳು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಇಪ್ಪತ್ತು ಮುಟ್ಟಿದರೆ ಸಮಾಧಾನ. ಒಂದು ದಿನ ತಂಗಿ ರಜೆ ಹಾಕಿದಾಗ ಅವಳಿಗೆ ಕೈಕಾಲು ಆಡಲಿಲ್ಲ. ಯಾಕೆ ಬರಲಿಲ್ಲ, ಹುಷಾರಿಲ್ಲವೇ? ಎದೆಯಲ್ಲೇನಾದರೂ? ಆ ಯೋಚನೆ ಬಂದಾಗ ಅವಳೊಳಗೆ ಒಂದು ಸಂತೋಷ ಚಿಗುರಿತು, ಹೇಳಲು ನಾಚಿಕೆ, ಆದರೆ ಚಿಗುರಿದ್ದು ನಿಜ. ಬರಲಿ ಅವಳಿಗೂ. ಒಂದು ಸಲವಾದರೂ ಅವಳಿಗೆ ಮೊದಲು ಬರಲಿ. ಮಾರನೆಯ ದಿನ ತಂಗಿ ಹಲ್ಲು ಕೀಳಿಸಿಕೊಂಡು ಕೆನ್ನೆ ಊದಿಸಿಕೊಂಡು ಬಂದಾಗ ಚೀಟಿಯಕ್ಕ ಮುಖ ತಿರುಗಿಸಿದಳು. ಆದರೆ ಆ ಹಾರೈಕೆ ಆಮೇಲೆ ದಿನಾ ಮರಳಿ ಬರುತ್ತಿತ್ತು.

ಮೂರು ತಿಂಗಳು ಹೀಗೇ ಕಳೆಯಿತು.

ನರ್ಸಮ್ಮ ಮತ್ತೆ ಬಂದಳು, ಈ ಸಲ ತಪಾಸಣೆಯ ವ್ಯಾನಿನೊಂದಿಗೆ. ಅಂಗಳದ ಕ್ರೇಟುಗಳನ್ನು ಸರಿಸಿ ವ್ಯಾನು ನಿಲ್ಲಿಸಿದ್ದರು. ಹೆಂಗಸರೆಲ್ಲ ಸಾಲು ಹಚ್ಚಿದ್ದರು. ಚೀಟಿಯಕ್ಕ ಒಳಗೆ ಹೋಗಿ ಬಾಗಿಲ ಹತ್ತಿರವೇ ನಿಂತಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಆ ಮಾತು ನರ್ಸಮ್ಮನ ಬಾಯಿಂದ ಬಂದರೆ ಸಾಕು, ಮನೆಗೆ ಹೋಗಿ ನಿಶ್ಚಿಂತೆಯಾಗಿ ಇರಬಹುದು.

"ನನ್ನ ವಿಷಯ ಅಲ್ಲ ಸಿಸ್ಟರ್," ಎಂದಳು. "ನನ್ನ ತಂಗಿ. ಹನ್ನೊಂದು ವರ್ಷದಿಂದ ದಿನಾ ಇಪ್ಪತ್ತು ಗ್ಲಾಸು ಕುಡೀತಾಳೆ. ಏನೂ ಆಗಿಲ್ಲ. ಅಂದ್ಮೇಲೆ ನೀವು ಹೇಳಿದ್ದು ಎಲ್ಲರಿಗೂ ಅಲ್ಲ, ಅಲ್ವಾ? ಒಂದೇ ರಕ್ತದೋರಿಗೆ ಒಬ್ಬರಿಗೆ ಆಗದೇ ಇದ್ರೆ ಇನ್ನೊಬ್ಬರಿಗೂ ಆಗಲ್ಲ, ಅಲ್ವಾ?"

ನರ್ಸಮ್ಮ ಕನ್ನಡಕ ಮೇಲೇರಿಸಿದಳು. "ಇಪ್ಪತ್ತಾ? ದಿನಾನಾ? ಎಲ್ಲಿದ್ದಾರೆ ಅವರು? ಮೊದಲು ಕರೀರಿ."

ಕರೆಯುವುದೇನು ಬಂತು, ತಂಗಿ ಸಾಲಿನಲ್ಲಿ ಮುಂದಿನವಳೇ ಆಗಿದ್ದಳು. ತನ್ನ ಮಾತು ಬಂದಿತೆಂದು ಕೇಳಿ ಮೆಟ್ಟಿಲು ಹತ್ತಿ ಇಣುಕಿದಳು.

"ಏನಮ್ಮ, ಇಪ್ಪತ್ತು ಗ್ಲಾಸು ಕುಡೀತೀರಂತೆ?"

ತಂಗಿ ನಕ್ಕುಬಿಟ್ಟಳು. "ಕುಡಿಯೋದಾ? ಯಾರು ಹೇಳಿದ್ದು? ನುಂಗಿದ್ರೆ ಹತ್ತನೇ ಗ್ಲಾಸಿಗೆ ನಾಲಿಗೆ ಸತ್ತೋಗತ್ತೆ ಸಿಸ್ಟರ್. ಬಾಯಲ್ಲಿ ಆಡಿಸಿ ಉಗುಳಿಬಿಡ್ತೀನಿ. ರುಚಿ ನೋಡೋರೆಲ್ಲ ಹಾಗೇ ಮಾಡೋದು. ಮನೇಲಂತೂ ನಾನು ಮುಟ್ಟಲ್ಲ, ಆ ವಾಸನೆ ಸಾಕಾಗಿರತ್ತೆ."

"ಎಲ್ಲಿಗೆ ಉಗುಳ್ತೀಯಾ?" ಚೀಟಿಯಕ್ಕನ ದನಿ ಅವಳಿಗೇ ಗುರುತು ಸಿಗಲಿಲ್ಲ.

"ಬಕೆಟ್ಟಿಗೆ ಅಕ್ಕ. ಕುರ್ಚಿ ಪಕ್ಕ ಹಿತ್ತಾಳೇದು ಇದೆಯಲ್ಲ, ಪರೀಕ್ಷೇಲಿ ನೀನೂ ನೋಡಿರ್ತೀಯ."

"ಛತ್ರಿ ಇಡೋ ಬಕೆಟ್ಟಾ?"

ಚೀಟಿಯಕ್ಕನ ಕಣ್ಣ ಮುಂದೆ ಆ ಗಾಜು ಬಂದು ನಿಂತಿತು. ಬಗ್ಗಿದ ತಲೆ. ಬಿಳಿ ಬಣ್ಣದ ಹಿಂದೆ ದಿನಕ್ಕೆ ಇಪ್ಪತ್ತು ಸಲ ಬಗ್ಗಿದ ತಲೆ. ಬರೆದುಕೊಳ್ಳಲು ಅಲ್ಲ! ಹನ್ನೊಂದು ವರ್ಷ ತಾನು ಯಾರ ಜೊತೆ ಪಂದ್ಯ ಕಟ್ಟಿದ್ದಳೋ ಅವಳು ಒಂದು ಗುಟುಕನ್ನೂ ನುಂಗಿರಲಿಲ್ಲ. ಇಪ್ಪತ್ತಕ್ಕೆ ಎರಡರ ಲೆಕ್ಕ ಅಲ್ಲಿಗೆ ಮುರಿದುಬಿತ್ತು. ಸೊನ್ನೆಗೆ ಎರಡು. ಕುಡಿದವಳು ತಾನೊಬ್ಬಳೇ.

ಅವಳು ಬಾಗಿಲು ಬಿಟ್ಟು ಬಂದು ಹಾಸಿಗೆಯ ಮೇಲೆ ಕೂತಳು. ಗೋಂದು ಹತ್ತಿದ ಬೆರಳುಗಳಿಂದ ಒಂದೊಂದೇ ಗುಂಡಿ ಬಿಚ್ಚಿದಳು. "ಇಲ್ಲಿ ನೋಡಿ ಸಿಸ್ಟರ್. ಮೂರು ತಿಂಗಳಾಯ್ತು."

ನರ್ಸಮ್ಮನ ಬೆರಳು ಗಂಟಿನ ಮೇಲೆ ನಿಂತಿತು, ಕಂಕುಳಿಗೆ ಜಾರಿತು, ಅಲ್ಲೂ ನಿಂತಿತು. ತಂಗಿಯ ನಗು ಎತ್ತ ಹೋಯಿತೋ.

ಆಸ್ಪತ್ರೆಯಲ್ಲಿ ಚಿತ್ರ ತೆಗೆದರು, ಸೂಜಿ ಚುಚ್ಚಿ ತುಣುಕು ತೆಗೆದರು, ಒಂದು ವಾರ ಕಾಯಿಸಿ ಕ್ಯಾನ್ಸರ್ ಎಂದರು. ಕಂಕುಳಿನ ಒಂದು ಗ್ರಂಥಿಗೂ ಹರಡಿತ್ತು. ಡಾಕ್ಟರು ಸಮಾಧಾನದ ಮನುಷ್ಯ. ಆಪರೇಷನ್ ಮಾಡೋಣ, ಆಮೇಲೆ ಕೀಮೋ ಕೊಡೋಣ, ಗುಣವಾಗುವ ಸಾಧ್ಯತೆ ಚೆನ್ನಾಗಿಯೇ ಇದೆ ಎಂದರು. ಗಂಡ ಕೈಯಲ್ಲಿ ಯಾರದೋ ಬೀಗದ ಕೈ ತಿರುಗಿಸುತ್ತಾ ಕೂತಿದ್ದ.

"ಕುಡಿದಿದ್ದಕ್ಕೇ ಬಂತಾ ಡಾಕ್ಟ್ರೇ?" ಎಂದು ಅವಳು ಕೇಳಿದಳು.

"ಹಾಗಂತ ಹೇಳೋಕಾಗಲ್ಲಮ್ಮ. ವಯಸ್ಸು, ಮೈಯ ಗುಣ, ಇನ್ನೂ ಹತ್ತಾರು ಕಾರಣ ಸೇರಿರತ್ತೆ. ಕುಡಿತ ಅಪಾಯ ಏರಿಸತ್ತೆ, ಅಷ್ಟು ನಿಜ. ನಿಮ್ಮಲ್ಲಿ ಅದರ ಪಾಲು ಎಷ್ಟು ಅಂತ ಯಾರೂ ಹೇಳಲಾರರು. ಇನ್ಮೇಲೆ ಬೇಡ, ಅಷ್ಟೇ."

"ಮೂರು ತಿಂಗಳು ಮುಂಚೆ ಬಂದಿದ್ರೆ?"

ಡಾಕ್ಟರು ಕಾಗದ ನೋಡಿದರು. "ಬಂದಿದ್ರೆ ಒಳ್ಳೇದಿತ್ತು," ಎಂದರು.

ಆ ಮೂರು ತಿಂಗಳನ್ನು ತಿಂದದ್ದು ಯಾವುದು ಎಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಡಾಕ್ಟರನ್ನು ಕೇಳಬೇಕಾಗಿರಲಿಲ್ಲ.

ತಂಗಿಗೂ ತಪಾಸಣೆ ಮಾಡಿದರು. ಏನೂ ಇಲ್ಲ, ಎಲ್ಲ ಸ್ವಚ್ಛ. ಆ ಸುದ್ದಿ ಬಂದಾಗ ಚೀಟಿಯಕ್ಕ ಆಪರೇಷನ್ನಿನ ಪಟ್ಟಿ ಸುತ್ತಿಕೊಂಡು ಮಲಗಿದ್ದಳು. ಸಂತೋಷವಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಅದರ ಹಿಂದೆಯೇ ಹಳೆಯ ಉರಿ ಎದ್ದು ಬಂತು. ಇದರಲ್ಲೂ ಅವಳೇ ಪಾಸು!

ಕೀಮೋ ಶುರುವಾದ ಮೇಲೆ ತಂಗಿ ರಜೆ ಹಾಕಿ ಅಕ್ಕನ ಮನೆಗೆ ಬಂದು ಕೂತಳು. ಬೇಡವೆಂದರೂ ಕೇಳಲಿಲ್ಲ. ರುಚಿ ಕೋಣೆಗೆ ಹೊಸ ಸಿಂಕು ಹಾಕಿಸಿದ್ದರಂತೆ. ಹಳೇ ಹಿತ್ತಾಳೆ ಬಕೆಟ್ಟನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಂದು, ಮಂಚದ ಪಕ್ಕ ಇಟ್ಟಳು. ವಾಂತಿ ಬಂದರೆ ಬೇಕಾಗುತ್ತದೆಂದು. ಚೀಟಿಯಕ್ಕ ಅದನ್ನು ನೋಡಿದಳು.

"ಛತ್ರಿ ಎಲ್ಲಿ?" ಎಂದಳು.

ಇಬ್ಬರೂ ನಕ್ಕರು. ಚೀಟಿಯಕ್ಕನ ನಗು ಅರ್ಧಕ್ಕೇ ನಿಂತಿತು. ಬಾಯಲ್ಲಿ ಕಬ್ಬಿಣ ಕಚ್ಚಿದ ಹಾಗೆ, ನೀರು ಕುಡಿದರೂ ಕಬ್ಬಿಣ, ಸೂಪು ಕುಡಿದರೂ ಕಬ್ಬಿಣ. ಹನ್ನೊಂದು ವರ್ಷ ಪಳಗಿಸಿದ ನಾಲಿಗೆ ಹೀಗಾಗಿತ್ತು.

ತಂಗಿ ಸೂಪು ಆರಿಸುತ್ತಾ ತಲೆಯೆತ್ತದೆ ಹೇಳಿದಳು, "ಅಕ್ಕ, ಒಂದು ವಿಷಯ. ಮೂಗಜ್ಜ ಹೋಗೋ ದಿನ ಹೇಳಿದ್ರು. ಪರೀಕ್ಷೇಲಿ ಮೊದಲ ಒಂಬತ್ತು ಗ್ಲಾಸು ನೀನು ಒಂದೂ ತಪ್ಪಿಲ್ಲವಂತೆ. ನನಗೆ ಒಂಬತ್ತರಲ್ಲಿ ಏಳು. 'ನಿನ್ನ ಅಕ್ಕನ ನಾಲಿಗೆ ನಿನ್ನದಕ್ಕಿಂತ ಚೂಪು, ಆದ್ರೆ ಅವಳು ಎಲ್ಲಾ ನುಂಗಿಬಿಟ್ಟಳು' ಅಂದ್ರು."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

ತಂಗಿ ಚಮಚ ತಿರುವುತ್ತಲೇ ಇದ್ದಳು. "ಹೇಳಿದ್ರೆ ಕುರ್ಚಿ ನಿನ್ನದಾಗ್ತಿತ್ತು," ಎಂದಳು.

ಚೀಟಿಯಕ್ಕ ಅವಳನ್ನೇ ನೋಡಿದಳು. ಬೈಯುವುದಕ್ಕೆ ಬಾಯಿ ತುಂಬ ಮಾತಿತ್ತು. ಹೊರಗೆ ಬಂದದ್ದು ಬೇರೆ. "ನನಗೆ ಗಂಟು ಸಿಕ್ಕಿದಾಗ, ನಿನಗೂ ಬರಲಿ ಅಂತ ಅಂದ್ಕೊಂಡಿದ್ದೆ. ಒಂದು ಸಲ ಅಲ್ಲ ಕಣೇ. ದಿನಾ."

ತಂಗಿಯ ಮುಖ ಬಿಳಿಚಿತು. ಬಟ್ಟಲು ಕೆಳಗಿಟ್ಟು ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ಚಪ್ಪಲಿ ಹಾಕಿಕೊಂಡು ಹೊರಟೇ ಹೋಗುತ್ತಾಳೆ ಎಂದು ಚೀಟಿಯಕ್ಕ ಕಿವಿಗೊಟ್ಟು ಮಲಗಿದ್ದಳು. ಹೋಗಲಿ ಎಂದುಕೊಂಡಳು. ಹೋಗಬಾರದು ಎಂದೂ ಅಂದುಕೊಂಡಳು.

ಅಷ್ಟರಲ್ಲಿ ಹೊಟ್ಟೆ ತೊಳೆಸಿಕೊಂಡು ಬಂತು. ಅವಳು ಮೊಣಕೈ ಊರಿ ಎದ್ದಳು, ಬಾಯಿ ತುಂಬ ಕಹಿ ನುಗ್ಗಿತು. ತುಟಿ ಬಿಗಿದು, ಕಣ್ಣು ಮುಚ್ಚಿ, ಐವತ್ತೆರಡು ವರ್ಷದ ರೂಢಿಯಂತೆ ಅದನ್ನು ವಾಪಸ್ಸು ನುಂಗಲು ಹೊರಟಳು. ಬೆನ್ನಿನ ಮೇಲೆ ಒಂದು ಒದ್ದೆ ಕೈ ಬಿತ್ತು. ಹಿತ್ತಾಳೆ ಬಕೆಟ್ಟಿನ ಅಂಚು ಗದ್ದಕ್ಕೆ ತಗುಲಿತು.

"ನುಂಗಬೇಡ ಅಕ್ಕ. ಉಗುಳು."

ಚೀಟಿಯಕ್ಕ ತಲೆ ಅಲ್ಲಾಡಿಸಿದಳು. ಇದರಲ್ಲೂ ಇವಳೇ ನಿಸ್ಸೀಮಳು, ಇದನ್ನೂ ಇವಳಿಂದಲೇ ಕಲಿಯಬೇಕು ಎಂದು ಆ ಹೊತ್ತಿನಲ್ಲೂ ಅವಳ ಹೊಟ್ಟೆ ಉರಿಯಿತು.

"ಉಗುಳೇ!" ತಂಗಿ ಅಳುತ್ತಾ ಗದರಿದಳು.

ಅವಳು ಬಗ್ಗಿ ಉಗುಳಿದಳು. ಉಗುಳಿದವಳೇ ಕಪಾಳಕ್ಕೆ ಕೈ ಅಡ್ಡ ಹಿಡಿದುಕೊಂಡಳು. ಯಾರೂ ಹೊಡೆಯಲಿಲ್ಲ. ತಂಗಿ ಸೆರಗಿನಿಂದ ಅವಳ ಬಾಯಿ ಒರೆಸಿದಳು.